ವಿಯೆಟ್ನಾಂ ಎಂಬ ಬೈಗುಳ

2001ರ ಆಸುಪಾಸಿನಲ್ಲಿ ನಮ್ಮ ಮೂಡಿಗೆರೆ ಸೀಮೆಯ ಯಾವ ಕಣದಲ್ಲಿ ನಿಂತರೂ ಕಿವಿಗೆ ಬೀಳುತ್ತಿದ್ದುದು ಒಂದೇ ಬೈಗುಳ: ವಿಯೆಟ್ನಾಂ. ಆ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ನಮ್ಮ ಅಪ್ಪಯ್ಯನಿಗೆ ಗೊತ್ತಿರಲಿಲ್ಲ. ತನ್ನ ರೊಬಸ್ಟಾ ಚೆರಿಯನ್ನು ಕೇಳುವವರೇ ಇಲ್ಲದ ಹಾಗೆ ಮಾಡಿದವರು ಅಲ್ಲಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಕೊಯ್ಸಿದರೆ ಕೂಲಿಗೂ ಹುಟ್ಟದು, ಗಿಡದಲ್ಲೇ ಬಿಟ್ಟರೆ ಕಾಯಿಕೊರಕ ಹುಳು ಮುಂದಿನ ಫಸಲಿಗೂ ದಾಟುತ್ತದೆ. ನಮ್ಮ ರೈಟರ್ ಹಾಜರಿ ಪುಸ್ತಕ ಮಡಚುತ್ತಾ, ‘ಅಮೆರಿಕಾನೇ ಓಡಿಸಿದ ಜನ ಅಯ್ಯಾ, ನಮ್ಮನ್ನ ಬಿಟ್ಟಾರಾ’ ಅನ್ನುತ್ತಿದ್ದ. ಅಪ್ಪಯ್ಯ ಅದಕ್ಕೂ ನಗುತ್ತಿರಲಿಲ್ಲ.

ಅಪ್ಪಯ್ಯ ಬೈದದ್ದು ಯಾರನ್ನು ಅಂತ ತಿಳಿಯುವ ಹಟ ನನಗೆ ಬಂದದ್ದು ಅವರು ಹೋದ ಮೇಲೆ. ಸಿಕ್ಕ ಪುಸ್ತಕ ಓದಿದೆ, ಕಡೆಗೆ ಅಲ್ಲಿಗೇ ಹೋಗಿ ನೋಡಿಯೂ ಬಂದೆ. ಆ ಬೈಗುಳದ ಹಿಂದೆ ಇರುವ ಊರಿನ ಹೆಸರು ಬುವೊನ್ ಮಾ ಥುವೊಟ್. ವಿಯೆಟ್ನಾಮಿನ ನಡುವಿನ ಎತ್ತರದ ಸೀಮೆ, ಡಾಕ್ ಲಾಕ್ ಪ್ರಾಂತದ ಮುಖ್ಯ ಪಟ್ಟಣ. ಸಮುದ್ರಮಟ್ಟದಿಂದ 500 ಮೀಟರಿನಷ್ಟು ಮೇಲಿದೆ, ಮೂಡಿಗೆರೆಗಿಂತ ತಗ್ಗು. ಬಸ್ಸಿನಿಂದ ಇಳಿದು ನಾನು ಮಾಡಿದ ಮೊದಲ ಕೆಲಸ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನೋಡಿದ್ದು, ತೋಟದವರ ಚಾಳಿ. ಬಸಾಲ್ಟ್ ಕಲ್ಲು ಕರಗಿ ಆದ ಕೆಂಪು ಮಣ್ಣು. ಉಗುರಿನ ಸಂದಿಗೆ ಸೇರಿದರೆ ಸೋಪು ಹಾಕಿ ಉಜ್ಜಿದರೂ ಹೋಗದು. ಆಳಕ್ಕೆ ಗುದ್ದಲಿ ಇಳಿಸಿದರೂ ಕಲ್ಲಿನ ಸದ್ದಿಲ್ಲ. ಇಂಥ ಮಣ್ಣು ಕಂಡರೆ ಯಾವ ಪ್ಲಾಂಟರನಿಗೆ ಬಾಯಲ್ಲಿ ನೀರೂರುವುದಿಲ್ಲ? ಫ್ರೆಂಚರಿಗೂ ಊರಿತು.

ಆದರೆ ಕಾಫಿ ಮೊದಲು ಕಾಲಿಟ್ಟದ್ದು ಇಲ್ಲಿಗಲ್ಲ. 1857ರಲ್ಲಿ ಫ್ರೆಂಚ್ ಪಾದ್ರಿಗಳು ಅರೇಬಿಕಾ ಗಿಡಗಳನ್ನು ತಂದು ದೇಶದ ಉತ್ತರದ ಕಡೆ ಮಿಷನ್ ಜಾಗಗಳಲ್ಲಿ ನೆಟ್ಟರು. ಆ ಹೊತ್ತಿಗೆ ನಮ್ಮ ಮಂಜರಾಬಾದಿನಲ್ಲಿ ಬಿಳಿಯರ ಎಸ್ಟೇಟುಗಳು ಎದ್ದಾಗಿತ್ತು. ವಿಯೆಟ್ನಾಮಿನಲ್ಲಿ ಅರೇಬಿಕಾ ಹೇಳಿಕೊಳ್ಳುವ ಹಾಗೆ ಹಬ್ಬಲಿಲ್ಲ. ಮುಂದೆ ಎಲೆತುಕ್ಕು ರೋಗ ಸಿಲೋನಿನ ಕಾಫಿಯನ್ನೇ ಗುಡಿಸಿ ಹಾಕಿದ ಮೇಲೆ ಎಲ್ಲರೂ ರೋಗಕ್ಕೆ ಜಗ್ಗದ ಗಿಡ ಹುಡುಕುತ್ತಿದ್ದರು. 1900ರ ಸುಮಾರಿಗೆ ಕಾಂಗೋದ ರೊಬಸ್ಟಾ ಬ್ರಸೆಲ್ಸಿನ ಒಂದು ನರ್ಸರಿಯ ಮೂಲಕ ಜಾವಾ ದ್ವೀಪಕ್ಕೆ ಬಂತು, ಅಲ್ಲಿಂದ ಸುತ್ತಮುತ್ತಲ ವಸಾಹತುಗಳಿಗೆಲ್ಲ ಹರಡಿತು. ಇಂಡೋಚೈನಾ ಮುಟ್ಟಿದ್ದೂ ನಮ್ಮ ಕಡೆ ಬಂದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಅವರ ರೊಬಸ್ಟಾ, ನಮ್ಮ ರೊಬಸ್ಟಾ ದಾಯಾದಿಗಳು. ಕೋರ್ಟು ಕಚೇರಿ ಮಾತ್ರ ಆಮೇಲೆ ಶುರುವಾಯಿತು.

ಕೆಂಪು ಮಣ್ಣಿನ ಹಳೆಯ ವಾರಸುದಾರರು ಎಡೇ ಎಂಬ ಜನ. ಬಯಲುಸೀಮೆಯಲ್ಲಿ, ಭತ್ತದ ಗದ್ದೆಗಳಲ್ಲಿ ಬಾಳುವ ಕಿನ್ಹ್ ವಿಯೆಟ್ನಾಮಿಗಳಿಗೂ ಇವರಿಗೂ ಭಾಷೆಯಲ್ಲಿ ನಂಟಿಲ್ಲ. ಎಡೇ ಭಾಷೆ ಮಲಯ, ಚಾಮ್ ಭಾಷೆಗಳ ಬಳಗದ್ದು. ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗುತ್ತಾನೆ. ನಮ್ಮ ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಇದು ಅರ್ಧ ಪರಿಚಯದ ಲೋಕ. ಆದರೆ ನಮ್ಮಲ್ಲಿ ಯಜಮಾನಿಕೆ ಮಾವನಿಂದ ಅಳಿಯನಿಗೆ ಹೋಗುತ್ತಿತ್ತು, ಇಲ್ಲಿ ಮನೆಯೇ ಹೆಂಗಸಿನದು. ಕಂಬಗಳ ಮೇಲೆ ನಿಲ್ಲಿಸಿದ ಉದ್ದನೆಯ ಮನೆ. ಮಗಳಿಗೆ ಮದುವೆಯಾದರೆ ಮನೆಯ ಕೊನೆಗೆ ಇನ್ನೊಂದು ಅಂಕಣ ಜೋಡಿಸುತ್ತಿದ್ದರು, ಹೀಗೆ ಹೆಣ್ಣುಮಕ್ಕಳಿದ್ದಷ್ಟೂ ಮನೆ ಉದ್ದವಾಗುತ್ತಿತ್ತು. ಹತ್ತುವ ಏಣಿ ಒಂದೇ ಮರದ ದಿಮ್ಮಿಯಲ್ಲಿ ಕಡೆದದ್ದು. ಅದರ ತುದಿಯಲ್ಲಿ ಎರಡು ಮೊಲೆ, ಒಂದು ಬಾಲಚಂದ್ರ ಕೆತ್ತಿರುತ್ತಾರೆ. ನಾನು ಹತ್ತಿದ ಏಣಿಯಲ್ಲಿ ಆ ಕೆತ್ತನೆ ಎಷ್ಟು ತಲೆಮಾರಿನ ಅಂಗೈ ತಾಗಿಯೋ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿತ್ತು. ಒಡತಿ ಯಾರು ಎಂಬುದು ಬಾಗಿಲು ದಾಟುವ ಮೊದಲೇ ಕೈಗೆ ಗೊತ್ತಾಗುತ್ತದೆ.

ಇವರ ಬೇಸಾಯ ನಮ್ಮ ಹಳೆಯ ಕುಮರಿಯ ಹಾಗೆಯೇ. ಕಾಡು ಸವರಿ, ಸುಟ್ಟು, ಕೆಲವು ವರ್ಷ ಬೆಳೆದು ಬೀಳು ಬಿಡುವುದು. ಕಾಡು ಮತ್ತೆ ಎದ್ದ ಮೇಲೆ ಹಿಂತಿರುಗುವುದು. ಬೀಳು ಬಿದ್ದ ಜಾಗಕ್ಕೂ ಒಂದು ತಾಯಿಬಳ್ಳಿಯ ಹಕ್ಕಿರುತ್ತಿತ್ತು, ಅದನ್ನು ಕಾಯುವ ಹಿರಿಯ ಹೆಂಗಸು ಇರುತ್ತಿದ್ದಳು. ಸರ್ಕಾರದ ಕಣ್ಣಿಗೆ ಮಾತ್ರ ಬೀಳು ಎಂದರೆ ಖಾಲಿ. ಉತ್ತರ ಕನ್ನಡದಲ್ಲಿ ಬ್ರಿಟಿಷರು ಕುಮರಿ ನಿಲ್ಲಿಸಿದಾಗಲೂ ವಾದ ಬೇರೆಯಿರಲಿಲ್ಲ. ಕಾಗದ ಇಲ್ಲದವನ ಭೂಮಿ ಎಲ್ಲ ಕಡೆಯೂ ಖಾಲಿಯೇ.

ಇಲ್ಲಿ ಒಬ್ಬ ವಿಚಿತ್ರ ಮನುಷ್ಯನನ್ನು ನೆನೆಯಬೇಕು. ಲಿಯೊಪೋಲ್ಡ್ ಸಬಾಟಿಯೆ, 1914ರಿಂದ 1926ರವರೆಗೆ ಡಾಕ್ ಲಾಕಿನ ಫ್ರೆಂಚ್ ಅಧಿಕಾರಿ. ಎಡೇ ಭಾಷೆ ಕಲಿತ, ಆ ಜನರ ಮಕ್ಕಳಿಗೆ ಶಾಲೆ ತೆರೆದ, ಬಾಯಿಂದ ಬಾಯಿಗೆ ಬಂದಿದ್ದ ಕಟ್ಟುಕಟ್ಟಳೆಗಳನ್ನು ಬರೆಸಿ ನ್ಯಾಯ ತೀರ್ಮಾನಕ್ಕೆ ಬಳಸಿದ. ಪ್ಲಾಂಟರುಗಳನ್ನು ಗಡಿ ದಾಟಲು ಬಿಡದೆ ತಡೆದ. ಅದೇ ಮನುಷ್ಯ ರಸ್ತೆ ಮಾಡಿಸಲು ಅದೇ ಎಡೇ ಜನರನ್ನು ಬಿಟ್ಟಿ ದುಡಿಸಿದ್ದೂ ಉಂಟು; ಅವನನ್ನು ದೇವರು ಮಾಡುವುದು ಬೇಡ. ತೋಟದ ಕಂಪನಿಗಳ ಒತ್ತಡ ಹೆಚ್ಚಿತು, ಅವನನ್ನು ಅಲ್ಲಿಂದ ಎತ್ತಿದರು. ಅವನು ಹಾಕಿಸಿದ ರಸ್ತೆಯ ಮೇಲೆಯೇ ಕಂಪನಿಗಳು ಬಂದವು. ದೊಡ್ಡದೆಂದರೆ ಸಿಎಡಿಎ ಎಂಬ ಕಂಪನಿಯ ತೋಟ, ಪಟ್ಟಣದ ಪೂರ್ವಕ್ಕೆ. ಕಾಫಿ, ಟೀ, ರಬ್ಬರ್ ಎಲ್ಲವನ್ನೂ ಈ ಸೀಮೆ ಕಂಡಿತು. ಎಡೇ ಜನ ತೋಟದ ಕೂಲಿಗೆ ಒಗ್ಗಲಿಲ್ಲವೆಂದು ಕರಾವಳಿಯಿಂದ, ಉತ್ತರದಿಂದ ಕಿನ್ಹ್ ಆಳುಗಳನ್ನು ತಂದರು. ಗುಡ್ಡಕ್ಕೆ ಬಯಲಿನವರು ಬರುವುದು ಶುರುವಾದದ್ದು ಹೀಗೆ.

ಯುದ್ಧದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಲಂಬಿಸುವುದಿಲ್ಲ. 1957ರಿಂದ ದಕ್ಷಿಣದ ಸರ್ಕಾರ ಸಾವಿರಾರು ಕಿನ್ಹ್ ಕುಟುಂಬಗಳನ್ನು ಇಲ್ಲಿ ನೆಲೆಯೂರಿಸಿತು. ಗುಡ್ಡದ ಜನ 1958ರಲ್ಲಿ ಸಂಘ ಕಟ್ಟಿ ಪ್ರತಿಭಟಿಸಿದರು, 1964ರಲ್ಲಿ ಬಂದೂಕು ಹಿಡಿದು ದಂಗೆ ಎದ್ದರು. 1975ರ ಮಾರ್ಚ್ 10ರಂದು ಉತ್ತರದ ಸೈನ್ಯ ಕೊನೆಯ ದಾಳಿ ಆರಂಭಿಸಿದ್ದು ಬುವೊನ್ ಮಾ ಥುವೊಟ್ ಮೇಲೆಯೇ. ಊರು ಬಿದ್ದು ಐವತ್ತು ದಿನದೊಳಗೆ ಸೈಗಾನೂ ಬಿತ್ತು. ಪಟ್ಟಣದ ನಡುವೆ ಆ ಗೆಲುವಿನ ಟ್ಯಾಂಕ್ ಇಟ್ಟಿದ್ದಾರೆ, ಸುತ್ತ ಕಾಫಿ ಅಂಗಡಿಗಳು.

ಯುದ್ಧ ಮುಗಿದಾಗ ಇಡೀ ದೇಶದ ಕಾಫಿ ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದೇ ಅಲ್ಲ, ವರ್ಷಕ್ಕೆ ಹತ್ತು ಸಾವಿರ ಟನ್ನಿಗೂ ಕಡಿಮೆ. ಫ್ರೆಂಚರ ತೋಟಗಳು ಸರ್ಕಾರಿ ತೋಟಗಳಾದವು. ಉತ್ತರದ ಕೆಂಪು ನದಿಯ ಮುಖಜಭೂಮಿಯಲ್ಲಿ ಜನ ಕಿಕ್ಕಿರಿದಿದ್ದರು. ‘ಹೊಸ ಆರ್ಥಿಕ ವಲಯ’ ಎಂಬ ಹೆಸರಿನಲ್ಲಿ ಸರ್ಕಾರ ಅವರನ್ನು ಗಂಟುಮೂಟೆ ಸಮೇತ ಗುಡ್ಡಕ್ಕೆ ಸಾಗಿಸತೊಡಗಿತು. ಅಕ್ಕಿಗೆ ರೇಷನ್, ಮಲೇರಿಯಾ, ತಗಡಿನ ಮಾಡು. ಓಡಿ ಹೋದವರೂ ಇದ್ದಾರೆ.

ಈ ಹಂತದಲ್ಲಿ ಕಥೆಗೆ ಬರುವ ಪಾತ್ರವನ್ನು ಯಾವ ಕಾದಂಬರಿಕಾರನೂ ಊಹಿಸಲಾರ: ಪೂರ್ವ ಜರ್ಮನಿ.

1975ರ ಜುಲೈಯಲ್ಲಿ ಬ್ರೆಜಿಲ್ಲಿನ ಪರಾನಾ ರಾಜ್ಯದಲ್ಲಿ ಹಿಮ ಬಿದ್ದು ಕೋಟಿಗಟ್ಟಲೆ ಕಾಫಿ ಗಿಡ ಕರಟಿದವು. ಎರಡು ವರ್ಷದಲ್ಲಿ ಕಾಫಿ ದರ ಆಕಾಶಕ್ಕೆ ಹೋಯಿತು. ಆಗ ನಮ್ಮಲ್ಲಿ ಕಾಫಿ ಬೋರ್ಡಿನ ಪೂಲ್ ಇತ್ತು. ಬೆಳೆದದ್ದನ್ನೆಲ್ಲ ಬೋರ್ಡಿಗೆ ಹಾಕಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯುವುದು. ಪೂರ್ವ ಜರ್ಮನಿಗೆ ಮಾತ್ರ ಸಂಕಟಕ್ಕಿಟ್ಟುಕೊಂಡಿತು. ಡಾಲರ್ ಇಲ್ಲ, ಜನಕ್ಕೆ ಕಾಫಿ ಬೇಕೇ ಬೇಕು. 1977ರಲ್ಲಿ ಸರ್ಕಾರ ಅರ್ಧ ಕಾಫಿ, ಅರ್ಧ ಹುರಿದ ಧಾನ್ಯ, ಬಟಾಣಿ ಮೊದಲಾದವುಗಳ ‘ಕಾಫಿ ಮಿಕ್ಸ್’ ಎಂಬ ಪುಡಿಯನ್ನು ಅಂಗಡಿಗೆ ಬಿಟ್ಟಿತು. ಚಿಕೋರಿ ಬೆರೆಸಿ ಕುಡಿದು ಬೆಳೆದ ನಮಗೆ ಅದರಲ್ಲಿ ಅಂಥ ತಪ್ಪೇನೂ ಕಾಣುವುದಿಲ್ಲ. ಜರ್ಮನರಿಗೆ ಕಂಡಿತು. ದೂರುಪತ್ರಗಳ ಮಳೆ ಸುರಿಯಿತು, ಫಿಲ್ಟರ್ ಯಂತ್ರಗಳು ಕಟ್ಟಿಕೊಂಡವು, ಪಕ್ಷದ ಮುಖ್ಯಸ್ಥ ಎರಿಕ್ ಹೊನೆಕರ್ ಹೆಸರಿನಲ್ಲಿ ಆ ಪುಡಿಗೆ ಅಡ್ಡ ಹೆಸರೇ ಹುಟ್ಟಿಕೊಂಡಿತು. ಪೊಲೀಸರನ್ನು ಬಿಟ್ಟು ಜನರನ್ನು ಹೆದರಿಸುತ್ತಿದ್ದ ಸರ್ಕಾರ ಕಾಫಿಗೆ ಹೆದರಿತು.

ಹಾಗಾಗಿ 1980ರಲ್ಲಿ ವಿಯೆಟ್ನಾಮಿನ ಜೊತೆ ಒಪ್ಪಂದವಾಯಿತು. ಡಾಕ್ ಲಾಕಿನಲ್ಲಿ ಸುಮಾರು 10 ಸಾವಿರ ಹೆಕ್ಟೇರ್ ಕಾಫಿ ಹಾಕುವುದು. ಲಾರಿ, ಟ್ರಾಕ್ಟರ್, ನೀರಾವರಿ ಸಾಮಾನು, ತಜ್ಞರು, ಕೆಲಸಗಾರರಿಗೆ ಮನೆ, ಆಸ್ಪತ್ರೆ ಇವೆಲ್ಲ ಪೂರ್ವ ಜರ್ಮನಿಯ ಲೆಕ್ಕ. ಡ್ರೇ ಹ್ಲಿನ್ ಎಂಬ ಜಲವಿದ್ಯುತ್ ಸ್ಥಾವರಕ್ಕೂ ಯಂತ್ರ ಅಲ್ಲಿಂದಲೇ ಬಂತು. ಹತ್ತು ಸಾವಿರದಷ್ಟು ಜನರನ್ನು ಕರೆತಂದು ಕೂರಿಸಿದರು. ಬದಲಿಗೆ ಇಪ್ಪತ್ತು ವರ್ಷ ಫಸಲಿನ ಅರ್ಧ ಭಾಗ ಜರ್ಮನಿಗೆ. ಕಾಫಿ ಗಿಡ ರಾಜಕೀಯಕ್ಕೆ ಕಾಯುವುದಿಲ್ಲ, ತನ್ನ ಹೊತ್ತಿಗೆ ತಾನು ಬರುತ್ತದೆ. ಮೊದಲ ಹೇಳಿಕೊಳ್ಳುವಂಥ ಫಸಲು ಕೈಗೆ ಬಂದದ್ದು 1990ರಲ್ಲಿ. ಅದೇ ಅಕ್ಟೋಬರಿನಲ್ಲಿ ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನಾವು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ತೋಟ, ಲಾರಿ, ಕಲಿತ ಕೈಗಳು ಎಲ್ಲ ವಿಯೆಟ್ನಾಮಿನಲ್ಲೇ ಉಳಿದವು. ಒಂದಾದ ಜರ್ಮನಿ ಮುಂದೆ ಡಾಲರ್ ತೆತ್ತು ವಿಯೆಟ್ನಾಂ ಕಾಫಿ ಕೊಳ್ಳುವವರಲ್ಲಿ ಮೊದಲ ಸಾಲಿಗೆ ಬಂತು. ‘ವಿಯೆಟ್ನಾಂ–ಜರ್ಮನಿ’ ಎಂದು ಆ ಕಾಲದಲ್ಲಿ ಹೆಸರಿಟ್ಟ ಕಾಫಿ ಸಂಸ್ಥೆ ಆಮೇಲೂ ಅದೇ ಹೆಸರಿನಲ್ಲಿ ನಡೆಯಿತು.

ಆದರೆ ಅಪ್ಪಯ್ಯನ ಕಾಫಿಯನ್ನು ಕೆಡವಿದ್ದು ಈ ಸರ್ಕಾರಿ ತೋಟಗಳಲ್ಲ. ನಾನು ಇಳಿದುಕೊಂಡಿದ್ದ ಮನೆಯ ಯಜಮಾನನಂಥವರು.

ಆತ ಉತ್ತರದ ಥಾಯ್ ಬಿನ್ ಕಡೆಯವನು. ಅಲ್ಲಿ ತಲೆಗೆ ಒಂದು ಗುಂಟೆ ಗದ್ದೆಯೂ ಬರುತ್ತಿರಲಿಲ್ಲವಂತೆ. ದೋಯ್ ಮೋಯ್ ಹೊಸತರಲ್ಲಿ ಹೆಂಡತಿಯ ಜೊತೆ ಬಂದ. 1986ರ ಡಿಸೆಂಬರಿನಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ ತನ್ನ ಆರನೇ ಮಹಾಧಿವೇಶನದಲ್ಲಿ ತೀರ್ಮಾನಿಸಿದ ಆರ್ಥಿಕ ಬದಲಾವಣೆಗೆ ಆ ಹೆಸರು. 1988ರಲ್ಲಿ ಸಹಕಾರಿ ಸಾಮೂಹಿಕ ಬೇಸಾಯ ಸಡಿಲಿಸಿ ಮನೆಯನ್ನೇ ಬೇಸಾಯದ ಘಟಕ ಮಾಡಿದರು. 1993ರ ಭೂ ಕಾಯ್ದೆ ಕಾಫಿಯಂಥ ಬಹುವಾರ್ಷಿಕ ಬೆಳೆಯ ಜಮೀನಿಗೆ 50 ವರ್ಷದ ಬಳಕೆ ಹಕ್ಕು ಕೊಟ್ಟಿತು; ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ಅಡವಿಡಬಹುದು ಎಂಬಲ್ಲಿ ಇಡೀ ಚರಿತ್ರೆ ತಿರುಗಿತು ಅಂತ ನನಗನ್ನಿಸುತ್ತದೆ. ಆ ಹಕ್ಕುಪತ್ರದ ಕೆಂಪು ಪುಸ್ತಕ ಹಿಡಿದು ಬ್ಯಾಂಕಿಗೆ ಹೋದರೆ ಸಾಲ, ಸಾಲಕ್ಕೆ ಗೊಬ್ಬರ, ಗೊಬ್ಬರಕ್ಕೆ ಕಾಫಿ.

ಹೊರಗಿನ ಲೋಕವೂ ಅದೇ ಹೊತ್ತಿಗೆ ಬಾಗಿಲು ತೆರೆದಿತ್ತು. 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಪ್ರಕಾರ ಯಾವ ದೇಶ ಎಷ್ಟು ರಫ್ತು ಮಾಡಬೇಕೆಂಬ ಕೋಟಾ ಇತ್ತು. 1989ರ ಜುಲೈಯಲ್ಲಿ ಆ ಕೋಟಾ ಮುರಿದುಬಿತ್ತು. ಹಳೆಯ ದೇಶಗಳು ತಲೆ ಮೇಲೆ ಕೈ ಹೊತ್ತು ಕೂತವು; ಹೊಸಬನಾದ ವಿಯೆಟ್ನಾಮಿಗೆ ಕೇಳುವವರಿಲ್ಲದ ರಾಜಬೀದಿ ಸಿಕ್ಕಿತು. 1994ರಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ತೆಗೆಯಿತು. ಅದೇ ವರ್ಷ ಬ್ರೆಜಿಲ್ಲಿಗೆ ಮತ್ತೆ ಹಿಮ ಬಡಿಯಿತು, ದರ ಏರಿತು. ನಮ್ಮ ಕಡೆ ಆಗ ಬೋರ್ಡಿನ ಹಿಡಿತ ಸಡಿಲಾಗುತ್ತಿತ್ತು, 1996ರ ಹೊತ್ತಿಗೆ ಮುಕ್ತ ಮಾರುಕಟ್ಟೆ. ಆ ಎರಡು ಮೂರು ವರ್ಷ ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ ಎಷ್ಟು ತಾರಸಿ ಮನೆ ಎದ್ದವು, ಎಷ್ಟು ಜೀಪು ಬಂದವು ಎಂದು ನನ್ನ ವಾರಗೆಯವರಿಗೆ ನೆನಪಿರಬಹುದು. ಥಾಯ್ ಬಿನ್ನಿನವನೂ ಅದೇ ದುಡ್ಡಿನಲ್ಲಿ ಇಟ್ಟಿಗೆ ಮನೆ ಕಟ್ಟಿಸಿದ, ಒಂದು ಹೊಂಡಾ ಡ್ರೀಮ್ ಬೈಕು ತಂದ. ಬೈಕು ಈಗಲೂ ಇದೆ, ಗೊಬ್ಬರದ ಮೂಟೆ ಹೊರುತ್ತದೆ.

ಕಾಫಿ ನೆಟ್ಟವನು ಅವನೊಬ್ಬನೇ ಆಗಿದ್ದರೆ ಲೋಕಕ್ಕೆ ಏನೂ ಆಗುತ್ತಿರಲಿಲ್ಲ. ಅವನ ಊರಿನವರು ಬಂದರು, ಅವರ ನೆಂಟರು ಬಂದರು. ಸರ್ಕಾರ ಕಳಿಸದೆ ತಾವಾಗಿಯೇ ಬಂದವರು ಆ ದಶಕದಲ್ಲಿ ಲಕ್ಷಗಟ್ಟಲೆ. 1975ರ ಸುಮಾರಿಗೆ ಮೂರೂವರೆ ಲಕ್ಷದಷ್ಟಿದ್ದ ಡಾಕ್ ಲಾಕ್ ಜನಸಂಖ್ಯೆ 1999ರ ಜನಗಣತಿಯಲ್ಲಿ 17 ಲಕ್ಷ ದಾಟಿತ್ತು. ದೇಶದ ಕಾಫಿ ಉತ್ಪಾದನೆ 1986ರಲ್ಲಿ ಇಪ್ಪತ್ತು ಸಾವಿರ ಟನ್ನೂ ಇರಲಿಲ್ಲ, 2000ದ ಹೊತ್ತಿಗೆ ಒಂಬತ್ತು ಲಕ್ಷ ಟನ್ನಿನ ಹತ್ತಿರ. ಕೊಲಂಬಿಯಾವನ್ನು ಹಿಂದೆ ಹಾಕಿ ಬ್ರೆಜಿಲ್ಲಿನ ನಂತರದ ಜಾಗ. ಬಹುಪಾಲು ಒಂದೊಂದು ಹೆಕ್ಟೇರಿನ, ಹೆಚ್ಚೆಂದರೆ ಎರಡು ಹೆಕ್ಟೇರಿನ ಹಿಡುವಳಿಗಳಿಂದ. ಅಪ್ಪಯ್ಯ ಬೈದ ‘ವಿಯೆಟ್ನಾಂ’ ಯಾವುದೋ ಭಾರಿ ಕಂಪನಿಯಲ್ಲ, ನಮ್ಮ ಮೂರು ಎಕರೆ ಹಿಡುವಳಿದಾರರಂಥವರೇ.

ಇಷ್ಟು ಇಳುವರಿ ಹೇಗೆ ಎಂದು ತೋಟದವರು ಕೇಳಿಯೇ ಕೇಳುತ್ತಾರೆ. ನಮ್ಮ ರೊಬಸ್ಟಾ ಹೆಕ್ಟೇರಿಗೆ ಒಂದು ಟನ್ನಿನ ಸುತ್ತ ಸುಳಿದಾಡಿದರೆ, ಅವರದು ಎರಡೂವರೆ ಟನ್ ಸಲೀಸು. ಮೊದಲ ಗುಟ್ಟು ಬಿಸಿಲು. ನಮ್ಮ ತೋಟ ಮರದಡಿಯ ತೋಟ. ಹಾಲುವಾಣ, ಸಿಲ್ವರ್ ಓಕ್, ಹಲಸು, ಅತ್ತಿ, ವರ್ಷವರ್ಷ ಮರಗಸಿ. ಅಲ್ಲಿ ಗುಡ್ಡದ ಮೇಲೆ ನಿಂತು ನೋಡಿದರೆ ಕಣ್ಣು ಹರಿದಷ್ಟೂ ಕಾಫಿಯ ತಲೆ, ಮರ ಎಂಬುದು ಅಲ್ಲೊಂದು ಇಲ್ಲೊಂದು. ಎರಡನೆಯದು ಗೊಬ್ಬರ, ನಾವು ಕೇಳಿದರೆ ಗಾಬರಿ ಬೀಳುವಷ್ಟು. ಮೂರನೆಯದು ನೀರು. ನಾವು ಹೂಮಳೆಗಾಗಿ ಫೆಬ್ರವರಿ ಮಾರ್ಚಿನಲ್ಲಿ ಮುಗಿಲು ನೋಡುತ್ತೇವೆ, ಅನುಕೂಲಸ್ಥರು ಕೆರೆಯಿಂದ ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಅವರು ಗಿಡಗಿಡಕ್ಕೂ ಬುಡದ ಸುತ್ತ ಒಂದು ತೊಟ್ಟಿ ಕಡಿಯುತ್ತಾರೆ, ಆಳು ಕೂರುವಷ್ಟು ಅಗಲ, ಗೇಣುದ್ದದ ಏರಿ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆಯಿಲ್ಲದ ತಿಂಗಳುಗಳಲ್ಲಿ ಮೂರು ಸುತ್ತು ನೀರು.

ಆ ನೀರು ಬಿಡುವುದನ್ನು ಹತ್ತಿರದಿಂದ ನೋಡಿದೆ. ಡೀಸೆಲ್ ಪಂಪು ಗುಡುಗುಡಿಸುತ್ತದೆ. ಗಂಡ ದಪ್ಪನೆಯ ಪೈಪಿನ ಬಾಯಿಯನ್ನು ತೊಡೆಗೆ ಒತ್ತಿಕೊಂಡು ತೊಟ್ಟಿ ತುಂಬಿಸುತ್ತಾನೆ. ಹೆಂಡತಿ ಹಿಂದೆ ನಿಂತು, ಪೈಪು ಗಿಡಕ್ಕೆ ಸಿಕ್ಕಿ ರೆಂಬೆ ಮುರಿಯದ ಹಾಗೆ ಎತ್ತಿ ಎತ್ತಿ ದಾಟಿಸುತ್ತಾಳೆ. ತೊಟ್ಟಿ ತುಂಬಿ ಕೆಂಪು ನೊರೆ ಏರಿಗೆ ಬಂದ ಕೂಡಲೇ ಮುಂದಿನ ಗಿಡ. ಒಂದು ಹೆಕ್ಟೇರಿಗೆ ಸಾವಿರದ ಮೇಲೆ ಗಿಡ. ಬೆಳಕು ಹೋದ ಮೇಲೆ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಮುಂದುವರಿಸುತ್ತಾರೆ, ಬಾವಿಯಲ್ಲಿ ಊಟೆ ಇರುವಾಗಲೇ ಮುಗಿಸಬೇಕು. ಮೊದಲು ಕೈಯಲ್ಲೇ ತೋಡಿದ ಬಾವಿ ಸಾಕಾಗುತ್ತಿತ್ತು, ಈಗ ಕೊಳವೆ ಬಾವಿ. ‘ನಿಮ್ಮಲ್ಲಿ ಎಷ್ಟು ಆಳ?’ ಅಂತ ಆತ ಕೇಳಿದ. ನಮ್ಮ ತೋಟಕ್ಕೆ ಹಳ್ಳವಿದೆ, ಬಾವಿ ಇಲ್ಲ ಎಂದೆ. ದುಭಾಷಿ ಹುಡುಗಿ ತಪ್ಪು ಹೇಳಿದಳೇನೋ ಎಂಬಂತೆ ಆತ ಅವಳನ್ನು ಮತ್ತೆ ಕೇಳಿದ. 2016ರ ಬರದಲ್ಲಿ ಆ ಸೀಮೆಯ ಬಾವಿಗಳು ಒಣಗಿ, ಸಾವಿರಾರು ಹೆಕ್ಟೇರ್ ಕಾಫಿ ಬೆಂಕಿ ಬಿದ್ದಂತೆ ಕರಕಾಯಿತು.

ಅಪ್ಪಯ್ಯನ 2001ಕ್ಕೆ ಬರೋಣ. ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 400 ಡಾಲರಿಗೂ ಕೆಳಗಿಳಿಯಿತು. ನಾವು ಇಲ್ಲಿ ವಿಯೆಟ್ನಾಮನ್ನು ಬೈಯುತ್ತಿದ್ದ ಹೊತ್ತಿಗೆ ಅಲ್ಲಿ ಅದೇ ಥಾಯ್ ಬಿನ್ನಿನವನು ಕಾಫಿ ಗಿಡ ಕಡಿದು ಮುಸುಕಿನ ಜೋಳ ಹಾಕುವುದೋ ಬೇಡವೋ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದ. ಕಡಿದವರು ಬಹಳ. ಆತ ಕಡಿಯಲಿಲ್ಲ, ಧೈರ್ಯದಿಂದಲ್ಲ, ಊರಿನ ಮಂಡಿಯವನ ಹತ್ತಿರ ಗೊಬ್ಬರದ ಸಾಲವಿತ್ತು, ಕಾಫಿ ಬಿಟ್ಟು ಬೇರೇನು ಕೊಟ್ಟರೂ ಅವನು ಮುಟ್ಟುತ್ತಿರಲಿಲ್ಲ. ಈ ಮಂಡಿಯವರ ಪದ್ಧತಿ ನಮಗೆ ಹೊಸದಲ್ಲ. ಮುಂಗಡ ಕೊಡುತ್ತಾರೆ, ಕಾಫಿ ತಂದು ಹಾಕಿ ದರ ಬಂದಾಗ ಮುರಿದುಕೊಳ್ಳಿ ಅನ್ನುತ್ತಾರೆ. ಒಂದು ದಿನ ಬಾಗಿಲಿಗೆ ಬೀಗ. ಡಾಕ್ ಲಾಕಿನಲ್ಲೂ ಹಾಗೆ ಮುಳುಗಿದವರಿದ್ದಾರೆ, ನಮ್ಮ ಕಡೆಯೂ ಇದ್ದಾರೆ. ಎರಡೂ ಕಡೆ ಹೆಸರು ಹೇಳುವುದು ಬೇಡ.

ಅದೇ 2001ರ ಫೆಬ್ರವರಿಯಲ್ಲಿ ನಮ್ಮ ಪತ್ರಿಕೆಗಳ ಒಳಪುಟದಲ್ಲೂ ಬರದ ಇನ್ನೊಂದು ಸಂಗತಿ ನಡೆಯಿತು. ಡಾಕ್ ಲಾಕ್ ಮತ್ತು ಪಕ್ಕದ ಜಾ ಲಾಯ್ ಪ್ರಾಂತಗಳಲ್ಲಿ ಎಡೇ, ಜರಾಯ್ ಮೊದಲಾದ ಗುಡ್ಡದ ಜನ ಸಾವಿರಾರು ಸಂಖ್ಯೆಯಲ್ಲಿ ಪಟ್ಟಣಗಳಿಗೆ ಮೆರವಣಿಗೆ ಬಂದರು. ಕೇಳಿದ್ದು ಭೂಮಿ, ಮತ್ತು ತಮ್ಮ ಧರ್ಮ ನಡೆಸುವ ಸ್ವಾತಂತ್ರ್ಯ. ಸರ್ಕಾರ ಸೈನ್ಯ ತಂದಿತು, ನಾಯಕರು ಜೈಲಿಗೆ ಹೋದರು, ಸಾವಿರದಷ್ಟು ಜನ ಗಡಿ ದಾಟಿ ಕಾಂಬೋಡಿಯಾಕ್ಕೆ ಓಡಿದರು. 2004ರ ಏಪ್ರಿಲಿನಲ್ಲಿ ಮತ್ತೊಮ್ಮೆ ಅದೇ. ಇಪ್ಪತ್ತೈದು ವರ್ಷದಲ್ಲಿ ಅವರ ಕುಮರಿ ಭೂಮಿ ಮೊದಲು ಸರ್ಕಾರಿ ತೋಟವಾಯಿತು, ಉಳಿದದ್ದು ವಲಸೆ ಬಂದವರಿಗೆ ಮಾರಾಟವಾಯಿತು. ಮಾರಿದ್ದು ಅವರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಒಂದು ಟಿವಿಗೆ, ಒಂದು ಬೈಕಿಗೆ, ಆಸ್ಪತ್ರೆ ಖರ್ಚಿಗೆ ಮಾರಿದ್ದು ಉಂಟು. ಅಡವಿನ ಕಾಗದದ ಲೋಕಕ್ಕೆ ಹೊಸಬರಾದವರು ಯಾವ ಬೆಲೆಗೆ ಮಾರುತ್ತಾರೆ ಎಂಬುದು ಮಲೆನಾಡಿನಲ್ಲಿ ಬೆಳೆದ ನನಗೆ ಯಾರೂ ವಿವರಿಸಬೇಕಾಗಿಲ್ಲ.

ದೇಶದ ಲೆಕ್ಕದಲ್ಲಿ ಗೆಲುವು ನಿಜ. 1993ರಲ್ಲಿ ನೂರಕ್ಕೆ 58 ಮಂದಿ ಬಡವರಿದ್ದ ದೇಶದಲ್ಲಿ 2002ರ ಹೊತ್ತಿಗೆ ಅದು 29ಕ್ಕೆ ಇಳಿದಿತ್ತು. ಭತ್ತ, ಸಿದ್ಧ ಉಡುಪು, ಮೀನು ಎಲ್ಲದರ ಪಾಲೂ ಇದರಲ್ಲಿದೆ, ಕಾಫಿಯದೂ ಇದೆ. ಥಾಯ್ ಬಿನ್ನಿನವನ ಮಗ ಹೋ ಚಿ ಮಿನ್ ನಗರದಲ್ಲಿ ಎಂಜಿನಿಯರ್. ಎಡೇ ಮನೆಗಳಲ್ಲಿ ಅಂಥ ಮಕ್ಕಳನ್ನು ಹುಡುಕಿದರೆ ಸಿಗುತ್ತಾರೆ, ಆದರೆ ಹುಡುಕಬೇಕು. ಅಭಿವೃದ್ಧಿಯ ಪುಸ್ತಕಗಳು ಈ ಎರಡು ಮನೆಗಳ ಸರಾಸರಿ ತೆಗೆದು ಸಂತೋಷಪಡುತ್ತವೆ. ನನಗೆ ಆ ಸರಾಸರಿಯ ಮೇಲೆ ನಂಬಿಕೆಯಿಲ್ಲ.

ಅವರು ಕಾಫಿ ಕುಡಿಯುವ ರೀತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮ ಹೆಂಗಸರು ಬಿಡುವುದಿಲ್ಲ. ಲೋಟದ ಮೇಲೆ ಕೂರುವ ಚಿಕ್ಕ ತಗಡಿನ ಫಿಲ್ಟರ್, ಹೆಸರು ಫಿನ್. ಬೆಣ್ಣೆ ಬಳಿದು ಕಪ್ಪಗೆ ಹುರಿದ ರೊಬಸ್ಟಾ ಪುಡಿ, ಬಿಸಿನೀರು, ಮುಚ್ಚಳ. ಹನಿ ಹನಿ ಇಳಿಯುವುದು ಲೋಟದ ತಳದಲ್ಲಿರುವ ಸಿಹಿ ಡಬ್ಬಿ ಹಾಲಿನ ಮೇಲೆ. ಹಾಲಿಗಾಗಿ ಹಸು ಸಾಕುವ ರೂಢಿಯಿರದ ದೇಶಕ್ಕೆ ಫ್ರೆಂಚರ ಕಾಲದಲ್ಲಿ ಬಂದ ಡಬ್ಬಿ ಹಾಲು ಅದು, ಈಗ ಅದಿಲ್ಲದೆ ಅವರಿಗೆ ಕಾಫಿಯೇ ಇಲ್ಲ. ಹನೋಯಿಯಲ್ಲಿ 1946ರಲ್ಲಿ ಹಾಲಿಗೆ ತತ್ವಾರ ಬಂದಾಗ ದೊಡ್ಡ ಹೋಟೆಲೊಂದರಲ್ಲಿದ್ದ ಗುಯೆನ್ ವಾನ್ ಜಾಂಗ್ ಎಂಬಾತ ಮೊಟ್ಟೆಯ ಹಳದಿಯನ್ನು ಸಕ್ಕರೆ ಹಾಕಿ ಕಡೆದು ಕಾಫಿಯ ಮೇಲೆ ಹಾಕಿದ. ಆತನ ಮಕ್ಕಳು ಇವತ್ತಿಗೂ ಅಂಗಡಿ ನಡೆಸುತ್ತಿದ್ದಾರೆ. ನಾನು ಕುಡಿದು ನೋಡಿದೆ. ಕಾಫಿ ಎನ್ನುವುದಕ್ಕಿಂತ ಪಾಯಸದ ಕಡೆಯದ್ದು. 1996ರಲ್ಲಿ ಬುವೊನ್ ಮಾ ಥುವೊಟ್‌ನಲ್ಲೇ ಡಾಂಗ್ ಲೆ ಗುಯೆನ್ ವು ಎಂಬ ವೈದ್ಯಕೀಯ ವಿದ್ಯಾರ್ಥಿ ಟ್ರುಂಗ್ ಗುಯೆನ್ ಕಾಫಿ ಕಂಪನಿ ಶುರುಮಾಡಿದ. ಹಸಿರು ಬೀಜ ಮಾರುವ ದೇಶದಲ್ಲಿ ತನ್ನದೇ ಹೆಸರಿನ ಪುಡಿ ಮಾರಿ ದೊಡ್ಡದಾದ ಕಂಪನಿ ಅದು. ನಮ್ಮ ಚಿಕ್ಕಮಗಳೂರಿನ ಕಾಫಿ ಕಂಪನಿಯೊಂದು ತನ್ನ ಮೊದಲ ಕೆಫೆಯನ್ನು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದದ್ದೂ ಅದೇ ವರ್ಷ.

ಬೈಗುಳ ಕಾಫಿಗೆ ನಿಲ್ಲಲಿಲ್ಲ. ಕಾಳುಮೆಣಸಿನಲ್ಲೂ ಅವರು ಈ ಶತಮಾನದ ಆರಂಭದಲ್ಲೇ ಜಗತ್ತಿಗೆ ಮೊದಲಿಗರಾದರು. ಅಲ್ಲಿನ ಮೆಣಸು ಶ್ರೀಲಂಕಾ ಸುತ್ತಿಕೊಂಡು ನಮ್ಮ ಮಾರುಕಟ್ಟೆಗೆ ಬರುತ್ತಿದೆಯೆಂದು ನಮ್ಮ ಬೆಳೆಗಾರರು ದೆಹಲಿಯವರೆಗೆ ಹೋದರು, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ನಿಗದಿ ಮಾಡಿತು. ಆ ಹೊತ್ತಿಗೆ ಅಲ್ಲಿ ಬಳ್ಳಿಗಳು ಸೊರಗು ರೋಗಕ್ಕೆ ಸಾಲುಸಾಲಾಗಿ ಸಾಯುತ್ತಿದ್ದವು, ಸಾಲ ಮಾಡಿ ಮೆಣಸು ಹಾಕಿದವರು ಊರು ಬಿಟ್ಟು ಹೋಗುತ್ತಿದ್ದರು. ಇತ್ತ ನಮ್ಮ ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳು ರಫ್ತಿಗೆ ಬೇಕಾದ ರೊಬಸ್ಟಾವನ್ನು ಅದೇ ವಿಯೆಟ್ನಾಮಿನಿಂದ ತರಿಸಿಕೊಳ್ಳುತ್ತವೆ. ಬೈಯುವುದೂ ನಡೆದಿದೆ, ಕೊಳ್ಳುವುದೂ ನಡೆದಿದೆ.

ಈಗ ಗಾಳಿ ಬೇರೆ ಕಡೆ ತಿರುಗಿದೆ. 2022ರಲ್ಲಿ ಚೀನಾ ಅವರ ದುರಿಯನ್ ಹಣ್ಣನ್ನು ನೇರವಾಗಿ ಕೊಳ್ಳಲು ಒಪ್ಪಿದ ಮೇಲೆ ಕಾಫಿಯ ಸಾಲಿನ ನಡುವೆ ದುರಿಯನ್ ಏಳುತ್ತಿದೆ, ಕೆಲವರು ಕಾಫಿಯನ್ನೇ ಕಿತ್ತಿದ್ದಾರೆ. ಅದೂ ಸೇರಿ, ಬರವೂ ಸೇರಿ ರೊಬಸ್ಟಾ ಕೊರತೆ ಬಂತು. 2024ರಲ್ಲಿ ಲಂಡನ್ ದರ ಟನ್ನಿಗೆ 5 ಸಾವಿರ ಡಾಲರ್ ದಾಟಿತು, ನಮ್ಮ 50 ಕಿಲೋ ರೊಬಸ್ಟಾ ಚೆರಿ ಚೀಲ ಹತ್ತು ಸಾವಿರ ರೂಪಾಯಿ ಮುಟ್ಟಿತು. ಅಪ್ಪಯ್ಯ ಇದ್ದಿದ್ದರೆ ನಂಬುತ್ತಿರಲಿಲ್ಲ. ವಿಯೆಟ್ನಾಮಿನಿಂದ ಕೆಟ್ಟೆವು ಅಂದವರು ಯಾರೂ ಈಗ ವಿಯೆಟ್ನಾಮಿನಿಂದ ಬದುಕಿದೆವು ಅನ್ನುತ್ತಿಲ್ಲ, ಅದು ಬೇರೆ ಮಾತು.

ಈ ದರ ಕಂಡು ನಮ್ಮ ಕಡೆ ‘ವಿಯೆಟ್ನಾಂ ಮಾದರಿ’ ಎಂಬ ಹೊಸ ಗೀಳು ಹತ್ತಿದೆ. ಮರ ಕಡಿದು ಬಯಲು ಮಾಡಿ, ಬೋರ್ ಕೊರೆಸಿ, ಅಲ್ಲಿನ ಹಾಗೆ ರೊಬಸ್ಟಾ ಬೆಳೆಯುವ ಮಾತು. ನೋಡಿಬರಲು ತಂಡ ಕಟ್ಟಿಕೊಂಡು ಹೋಗುವವರೂ ಇದ್ದಾರೆ, ಹೋಗಬೇಕಾದ್ದೇ. ಆದರೆ ಡಿಸೆಂಬರಿನಲ್ಲಿ, ಹಣ್ಣು ತುಂಬಿ ರೆಂಬೆ ಬಾಗಿದಾಗ ಹೋಗಬೇಡಿ. ಮಾರ್ಚಿನಲ್ಲಿ, ಮೂರನೇ ಸುತ್ತು ನೀರು ಬಿಡುವಾಗ ಹೋಗಿ. ಬಾವಿ ಎಷ್ಟು ಆಳ ಎಂದು ಕೇಳಿ, ಆ ಜಮೀನು ಮೊದಲು ಯಾರದಾಗಿತ್ತು ಎಂದೂ ಕೇಳಿ.